ತಿಪ್ಪೇರುದ್ರಮ್ಮನ ಹದಿನಾಲ್ಕು ಸಾವಿರ ಹೆಜ್ಜೆ

ನವೆಂಬರ್ 26, ಬುಧವಾರ. ಬೆಳಿಗ್ಗೆ ಹತ್ತು ಗಂಟೆಗೆ ಮೊಳಕಾಲ್ಮೂರು ಪೊಲೀಸ್ ಠಾಣೆಯ ಮುಂದೆ ಒಂದು ಕಾರು ನಿಂತಿತು. ಅದರಿಂದ ಇಳಿದ ವಿಶ್ವನಾಥ್ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವವರು. ಮಿಲ್ಲಿನ ಮಾಲೀಕರು ಠಾಣೆಗೆ ಬಂದರೆ ಮೊದಲು ಕುರ್ಚಿ ಹುಡುಕುತ್ತಾರೆ, ಆಮೇಲೆ ಮಾತು ಹುಡುಕುತ್ತಾರೆ. ಇವರು ನಿಂತೇ ಶುರು ಮಾಡಿದರು.

"ಮೇಡಂ, ನಿನ್ನೆ ಬೆಳಿಗ್ಗೆ ನಮ್ಮತ್ತೆ ಮೂರು ಗಂಟೆ ಹೊತ್ತು ಪ್ರಜ್ಞೆ ತಪ್ಪಿ ನೆಲದ ಮೇಲೆ ಬಿದ್ದಿದ್ರು ಅಂತ ಡಾಕ್ಟ್ರು ಹೇಳ್ತಾರೆ. ಅದೇ ಮೂರು ಗಂಟೇಲಿ ಅವರು ಐದು ಸಾವಿರ ಹೆಜ್ಜೆ ನಡೆದವ್ರೆ ಅಂತ ಟ್ರಸ್ಟಿನೋರ ಕಂಪ್ಯೂಟರ್ ಹೇಳ್ತೈತೆ. ಇದಕ್ಕೆ ಏನಂತೀರಿ?"

ಪಿಎಸ್‌ಐ ತ್ರಿವೇಣಿಗೆ ನಗು ಬರುವುದರಲ್ಲಿತ್ತು. ಅವರ ಕೆಂಪಗಾಗಿದ್ದ ಕಣ್ಣು ನೋಡಿ ನಗು ಅಲ್ಲೇ ನಿಂತಿತು. ಕುರ್ಚಿ ತೋರಿಸಿ, "ಕೂತ್ಕೊಂಡು ಮೊದಲಿಂದ ಹೇಳ್ರಿ" ಎಂದಳು.

ವಿಶ್ವನಾಥ್ ಹೇಳಿದ್ದು ಇಷ್ಟು. ಅವರ ಸೋದರತ್ತೆ ತಿಪ್ಪೇರುದ್ರಮ್ಮನಿಗೆ ಎಪ್ಪತ್ತಾರು ವರ್ಷ. ಗಂಡ ಮರುಳಪ್ಪನ ಜೊತೆ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ವಾಸ. ಮಕ್ಕಳಿಲ್ಲ. ಮರುಳಪ್ಪ ಒಂದು ಕಾಲದಲ್ಲಿ ರೇಷ್ಮೆ ಸೀರೆಗೆ ಹೆಸರಾದ ನೇಕಾರ. ನಾಲ್ಕು ವರ್ಷದಿಂದ ನೆನಪು ಹೋಗಿದೆ. ಹೆಂಡತಿಯೊಬ್ಬಳನ್ನು ಬಿಟ್ಟು ಈ ಭೂಮಿಯ ಮೇಲೆ ಯಾರ ಗುರುತೂ ಅವರಿಗಿಲ್ಲ. ಚಳ್ಳಕೆರೆಯ ಮುಸ್ಸಂಜೆ ಸೇವಾ ಟ್ರಸ್ಟ್ ಇಂಥ ಹಿರಿಯರ ಕೈಗೆ ಗಡಿಯಾರದಂಥ ಬ್ಯಾಂಡ್ ಕಟ್ಟುತ್ತದೆ. ನಾಡಿ ಬಡಿತ, ನಿದ್ದೆ, ನಡೆದ ಹೆಜ್ಜೆ ಎಲ್ಲವನ್ನೂ ಆ ಬ್ಯಾಂಡು ಮನೆಯ ಗೋಡೆಗೆ ಸಿಕ್ಕಿಸಿದ ಪುಟ್ಟ ಪೆಟ್ಟಿಗೆಗೆ ಹೇಳುತ್ತದೆ, ಪೆಟ್ಟಿಗೆ ಚಳ್ಳಕೆರೆಯ ಆಫೀಸಿಗೆ ಹೇಳುತ್ತದೆ. ಏನಾದರೂ ಏರುಪೇರಾದರೆ ಅಲ್ಲಿ ಪರದೆ ಕೆಂಪಾಗಿ, ಹತ್ತಿರದ ಆರೈಕೆ ಕಾರ್ಯಕರ್ತೆ ಓಡಿಬರಬೇಕು. ನಿನ್ನೆ ಪರದೆ ಹಸಿರಾಗಿಯೇ ಇತ್ತು. ವಾರದ ಭೇಟಿಗೆಂದು ಮಧ್ಯಾಹ್ನ ಹನ್ನೆರಡೂವರೆಗೆ ಬಂದ ಕಾರ್ಯಕರ್ತೆ ರಶ್ಮಿತಾ ಬಾಗಿಲು ದಾಟಿದ ಮೇಲೆಯೇ ಬಿದ್ದವಳು ಕಣ್ಣಿಗೆ ಬಿದ್ದದ್ದು.

"ಕಾಯೋರೇ ಹಿಂಗ್ ಮಾಡಿದ್ರೆ? ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತು. ಆ ಹುಡುಗಿ ಏನೋ ಕೈಚಳಕ ಮಾಡವ್ಳೆ. ಅವಳ ಮೇಲೆ ಎಫ್‌ಐಆರ್ ಹಾಕ್ರಿ."

"ಅತ್ತೆ ಈಗ ಎಲ್ಲವ್ರೆ?"

"ಚಳ್ಳಕೆರೆ ಆಸ್ಪತ್ರೇಲಿ. ತಲೆಗೆ ಹೊಲಿಗೆ ಬಿದ್ದೈತೆ. ಎದೆ ಬಡಿತ ಭಾಳ ನಿಧಾನ ಅಂತಾರೆ. ಕಣ್ಣು ಬಿಡ್ತಾರೆ, ಮುಚ್ತಾರೆ."

"ಮಾವ?"

ವಿಶ್ವನಾಥ್ ಮೇಜಿನ ಅಂಚನ್ನು ಉಗುರಿನಲ್ಲಿ ಕೆರೆದರು. "ಅವರನ್ನ ನಾಳೆ ಟ್ರಸ್ಟಿನೋರು ಚಿತ್ರದುರ್ಗದ ವಾರ್ಡಿಗೆ ಸೇರಿಸ್ತಾರಂತೆ. ಅತ್ತೆ ಹುಷಾರಾದ್ರೆ ಅವರಿಗೆ ಚಳ್ಳಕೆರೆ ವಾರ್ಡು. ಅಲ್ಲಿ ಗಂಡಸ್ರು, ಇಲ್ಲಿ ಹೆಂಗಸ್ರು. ರೂಲ್ಸು ಮೇಡಂ."

"ಹೆಂಡತಿ ಬಿಟ್ರೆ ಗುರುತಿಲ್ಲ ಅಂದ್ರಲ್ಲ?"

"ಅಂದೆ" ಎಂದರು ವಿಶ್ವನಾಥ್.

ಪರರ ಜೀವಕ್ಕೆ ಅಪಾಯ ತಂದ ನಿರ್ಲಕ್ಷ್ಯವೆಂದು ತ್ರಿವೇಣಿ ಎಫ್‌ಐಆರ್ ದಾಖಲಿಸಿದಳು. ಆರೋಪಿಯ ಜಾಗದಲ್ಲಿ ರಶ್ಮಿತಾಳ ಹೆಸರು ಬಂತು. ಆದರೆ ತ್ರಿವೇಣಿಯ ಮನಸ್ಸು ಆ ಹೆಸರಿನ ಮೇಲೆ ನಿಲ್ಲಲಿಲ್ಲ. ಗುರುತು ಸಿಗುವ ಒಂದೇ ಮುಖವನ್ನೂ ಕಳೆದುಕೊಂಡು ಬೇರೆ ಊರಿನ ಮಂಚದ ಮೇಲೆ ಕೂರುವ ಮುದುಕನ ಚಿತ್ರ ಕಣ್ಣಿಗೆ ಕಟ್ಟಿತು.

ಹನ್ನೊಂದೂವರೆಗೆ ತ್ರಿವೇಣಿಯೂ ಹೆಡ್ ಕಾನ್‌ಸ್ಟೆಬಲ್ ಸೂರಪ್ಪನೂ ನೇಕಾರರ ಬೀದಿಗೆ ಹೋದರು. ಸೂರಪ್ಪ ರಾಯದುರ್ಗದ ಕಡೆಯವನು, ನಿವೃತ್ತಿಗೆ ಹತ್ತಿರವಾದವನು. ಸಿಟ್ಟು ಬಂದಾಗ ತೆಲುಗು, ಹಸಿವಾದಾಗ ಕನ್ನಡ. ಬೀದಿಯ ಉದ್ದಕ್ಕೂ ಮನೆಮನೆಯೊಳಗಿಂದ ಮಗ್ಗದ ಟಕ್ ಟಕ್ ಸದ್ದು. ಮರುಳಪ್ಪನ ಮನೆಯೂ ಪಕ್ಕದ ಮನೆಯೂ ಒಂದೇ ನಡುಗೋಡೆ ಹಂಚಿಕೊಂಡಿದ್ದವು.

ಮರುಳಪ್ಪ ಒಳಗೆ ಮಡಿಸಿದ ಕಂಬಳಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎದುರಿಗೆ ಐವತ್ತರ ಗಂಡಸೊಬ್ಬ ಮುದ್ದೆಯ ತುತ್ತು ಮಾಡಿ, "ಬಾಯಿ ತೆಗಿಯಪ್ಪಾ, ಒಂದೇ ತುತ್ತು" ಎಂದು ಗೋಗರೆಯುತ್ತಿದ್ದ. ಮುದುಕರು ತುಟಿ ಬಿಗಿದು ಮುಖ ಹೊರಳಿಸಿದರು. ಪೊಲೀಸರನ್ನು ಕಂಡ ಆತ ತಟ್ಟೆ ಇಟ್ಟು ಎದ್ದ.

"ನೀವ್ಯಾರು?"

"ಗೋವರ್ಧನ ಅಂತ ಮೇಡಂ. ಪಕ್ಕದ ಮನೆ. ನೇಯ್ತೀನಿ. ನಿನ್ನೆಯಿಂದ ಏನೂ ತಿಂದಿಲ್ಲ ಇವ್ರು. ಅವ್ವನ ಕೈಯಾಗೆ ಬಿಟ್ರೆ ತಿನ್ನಲ್ಲ."

ತ್ರಿವೇಣಿ ಮುದುಕರ ಮುಂದೆ ನೆಲದ ಮೇಲೆ ಕೂತಳು. "ಅಜ್ಜಾ, ನಿನ್ನೆ ಏನಾಯ್ತು?"

ಮರುಳಪ್ಪ ತುಟಿಗೆ ಬೆರಳಿಟ್ಟರು. "ಮಲಗಿದಾಳೆ. ಸದ್ದು ಮಾಡಬ್ಯಾಡ್ರಿ."

ಬಿದ್ದ ಹೆಂಡತಿಯ ತಲೆಯಡಿ ಅವರು ದಿಂಬಿಟ್ಟಿದ್ದರು, ಮೇಲೆ ಈ ಕಂಬಳಿ ಹೊದಿಸಿದ್ದರು. ನಿದ್ದೆ ಕೆಡದಿರಲೆಂದು ಪಕ್ಕದಲ್ಲೇ ಕಾದು ಕೂತಿದ್ದರು. ದಿಂಬಿನ ಮೇಲೆ ಒಣಗಿದ ರಕ್ತದ ಕಲೆ ಇತ್ತು. ಪಂಚರಿಬ್ಬರ ಎದುರಲ್ಲಿ ಪಂಚನಾಮೆ ಬರೆಯುವಾಗ, ಮೂವತ್ತು ವರ್ಷ ಏನೇನೋ ನೋಡಿದ ಸೂರಪ್ಪನೂ ಆ ಸಾಲನ್ನು ಎರಡು ಸಲ ಹೊಡೆದುಹಾಕಿ ಬರೆದ. ಹಸಿರು ದೀಪದ ಪೆಟ್ಟಿಗೆ ನಡುಗೋಡೆಗೇ ಸಿಕ್ಕಿಸಿತ್ತು. ಗೋಡೆಯಾಚೆ ಮಗ್ಗ ಮಾತ್ರ ಇಂದು ಮೌನವಾಗಿತ್ತು.

ಅಷ್ಟರಲ್ಲಿ ಟ್ರಸ್ಟಿನ ಕಾರ್ಯದರ್ಶಿ ಸಿದ್ದಲಿಂಗೇಶ್ ಫೋನು ಮಾಡಿದರು. ಮರುಳಪ್ಪನವರನ್ನು ಕರೆದೊಯ್ಯಲು ಸಂಜೆಯೇ ಗಾಡಿ ಕಳಿಸುತ್ತಾರಂತೆ.

"ಆಗಲ್ಲ ಸರ್" ಎಂದಳು ತ್ರಿವೇಣಿ. "ಅವರು ಪ್ರತ್ಯಕ್ಷ ಸಾಕ್ಷಿ. ಹೇಳಿಕೆ ಮುಗಿಯೋವರೆಗೂ ಊರು ಬಿಡೋ ಹಂಗಿಲ್ಲ."

ಜೀಪು ಹತ್ತುವಾಗ ಸೂರಪ್ಪ ಕೇಳಿದ: "ಮೇಡಂ, ಅಜ್ಜನಿಗೆ ಅವರ ಹೆಸರೇ ಗೊತ್ತಿಲ್ಲ. ಹೇಳಿಕೆ ಯಾವಾಗ ಮುಗಿತೈತೆ?"

"ಮುಗಿಯಲ್ಲ ಕಣ್ರಿ. ಅದಕ್ಕೇ ಹೇಳಿದ್ದು."

ಹಾನಗಲ್ಲು ದಾಟಿ, ತಳಕಿನಲ್ಲಿ ಒಂದು ಚಹಾಕ್ಕೆ ನಿಂತು, ಇಬ್ಬರೂ ಚಳ್ಳಕೆರೆ ಮುಟ್ಟಿದಾಗ ಮೂರು ಗಂಟೆ. ಟ್ರಸ್ಟಿನ ಆಫೀಸು ಹೊಸದು, ತಂಪು, ಗೋಡೆ ತುಂಬ ಪರದೆಗಳು. ಪರದೆಗಳಲ್ಲಿ ಇನ್ನೂರು ಮುದುಕ ಮುದುಕಿಯರು ಹಸಿರು ಚುಕ್ಕೆಗಳಾಗಿ ಉಸಿರಾಡುತ್ತಿದ್ದರು. ಸಿದ್ದಲಿಂಗೇಶ್ ಒಳ್ಳೆಯ ಮನುಷ್ಯ. ಒಳ್ಳೆಯವರಿಗೆ ಕೆಲವೊಮ್ಮೆ ತಮ್ಮ ಒಳ್ಳೆಯತನದ ಲೆಕ್ಕಪತ್ರವೇ ಮನುಷ್ಯರಿಗಿಂತ ಚೆನ್ನಾಗಿ ಕಾಣುತ್ತದೆ.

"ತಿಪ್ಪೇರುದ್ರಮ್ಮನೋರು ನಮ್ಮ ಹೆಮ್ಮೆ ಮೇಡಂ. ಜುಲೈನಲ್ಲಿ ಭಾಳ ಕೆಳಗಿದ್ರು. ಇನ್ನೊಂದು ತಿಂಗಳು ಹಿಂಗೇ ಆದ್ರೆ ವಾರ್ಡಿಗೆ ಸೇರಿಸಬೇಕಾಗ್ತೈತೆ ಅಂದಿದ್ವಿ. ಆಗಸ್ಟ್‌ನಿಂದ ನೋಡ್ರಿ, ದಿನಕ್ಕೆ ಹದಿನಾಲ್ಕು ಸಾವಿರ ಹೆಜ್ಜೆ!"

ಅವರು ತೋರಿಸಿದ ಗೋಡೆಯಲ್ಲಿ ಕಟ್ಟು ಹಾಕಿಸಿದ ಒಂದು ಫೋಟೋ ಇತ್ತು. 'ತಿಂಗಳ ಮಾದರಿ ಹಿರಿಯರು.' ಶಾಲು ಹೊದ್ದ ತಿಪ್ಪೇರುದ್ರಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದರು. ಎದ್ದು ನಿಲ್ಲಲಿಕ್ಕೆಂದು ಇಬ್ಬರು ಅವರ ತೋಳು ಹಿಡಿದಿದ್ದರು. ನಡಿಗೆಯ ಬಹುಮಾನ ಪಡೆಯಲು ಎರಡು ಹೆಜ್ಜೆ ನಡೆಯಲಾರದ ಮುದುಕಿಯನ್ನು ಎತ್ತಿ ಹಿಡಿದಿದ್ದಾರೆ, ಯಾರಿಗೂ ಏನೂ ಅನ್ನಿಸಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಹಿಡಿಯುವುದೆಂದರೆ ಇದೇ ಎಂದುಕೊಂಡು ತ್ರಿವೇಣಿ ತುಟಿ ಕಚ್ಚಿದಳು.

ರಶ್ಮಿತಾ ಹೊರಗಿನ ಬೆಂಚಿನ ಮೇಲಿದ್ದಳು. ಕೆಲಸದಿಂದ ಅಮಾನತು ಮಾಡಿದ ಕಾಗದ ಅವಳ ಕೈಯಲ್ಲಿತ್ತು. ಸುಮಾರು ಮೂವತ್ತರ ಹೆಣ್ಣುಮಗಳು. ಅತ್ತದ್ದು ಮುಗಿದು ಸಿಟ್ಟು ಉಳಿದಿತ್ತು.

"ಇಷ್ಟು ಹೆಜ್ಜೆ ಹೆಂಗೆ ಅಂತ ನಿನಗೆ ಅನುಮಾನ ಬರಲಿಲ್ವಾ?"

"ಬಂತು ಮೇಡಂ. ಸರ್‌ಗೆ ಹೇಳ್ದೆ. ಅವರು ಅಜ್ಜಿಗೆ ಶಾಲು ಹೊದೆಸಿದ್ರು."

ಸೂರಪ್ಪ ಕೆಮ್ಮಿದ. ತ್ರಿವೇಣಿ ಮುಂದುವರಿಸಿದಳು.

"ಮಂಗಳವಾರ ನೀನು ಹೋದಾಗ ಅಜ್ಜಿ ಕೈಲಿ ಬ್ಯಾಂಡ್ ಇತ್ತಾ?"

"ಕತ್ತಿನ ತನಕ ಕಂಬಳಿ ಹೊದ್ದಿತ್ತು. ಕೈ ನೋಡಲಿಲ್ಲ."

"ಆಮೇಲೆ?"

"ಒಳಗೆ ನೆಟ್‌ವರ್ಕ್ ಸಿಗಲ್ಲ. 108ಕ್ಕೆ ಫೋನ್ ಮಾಡಕ್ಕೆ ಬೀದಿಗೆ ಓಡಿದೆ. ಮಾತಾಡ್ತಿದ್ದಾಗ್ಲೇ ನನ್ನ ಫೋನು ಕೂಗಿಕೊಳ್ತು. ತಿಪ್ಪೇರುದ್ರಮ್ಮ, ಕೆಂಪು, ಅಂತ."

"ನೀನು ನೋಡಿ ಬಂದ ಮೇಲೆ ಕೆಂಪಾಯ್ತಾ?"

"ಹೂಂ. ನನಗೂ ಅದೇ ಅರ್ಥ ಆಗಿಲ್ಲ."

"ಆಗ ಒಳಗೆ ಯಾರಿದ್ರು?"

"ಅಜ್ಜ. ನಾನು ಕೂಗಿದ್ದು ಕೇಳಿ ಪಕ್ಕದ ಮನೆ ಗೋವರ್ಧನಣ್ಣ ಒಳಗೆ ಓಡಿದ್ರು."

ಆಸ್ಪತ್ರೆಯಲ್ಲಿ ತಿಪ್ಪೇರುದ್ರಮ್ಮ ನಿದ್ದೆಯಲ್ಲಿದ್ದರು. ಹಾಸಿಗೆಯಲ್ಲಿ ಅವರು ಇದ್ದಾರೋ ಇಲ್ಲವೋ ಅನ್ನುವಷ್ಟು ಸಣ್ಣಗಾಗಿದ್ದರು. ವೈದ್ಯರ ಸಮ್ಮುಖದಲ್ಲಿ ಬ್ಯಾಂಡ್ ಬಿಚ್ಚಿ ಜಪ್ತಿ ಮಾಡಲಾಯಿತು. ಪಟ್ಟಿಯ ತೂತುಗಳಲ್ಲಿ ಒಂದು ಮಾತ್ರ ಸವೆದು ಅಗಲವಾಗಿತ್ತು. ದಪ್ಪ ಮಣಿಕಟ್ಟಿಗೆ ಸರಿಹೋಗುವ ತೂತು. ಅಜ್ಜಿಯ ಕೈಗೆ ಅದು ಬಳೆಯ ಹಾಗೆ ಜಾರುತ್ತಿತ್ತು. ಕೊಂಡಿಯ ಸಂದಿಯಲ್ಲಿ ಕಡುನೀಲಿ ರೇಷ್ಮೆಯ ಎಳೆಯೊಂದು ಸಿಕ್ಕಿಕೊಂಡಿತ್ತು. ಸೂರಪ್ಪ ಅದನ್ನು ಲಕೋಟೆಗೆ ಹಾಕಿ ಅರಗು ಒತ್ತಿದ.

ತ್ರಿವೇಣಿ ಹೊರಡುವಾಗ ಅಜ್ಜಿಯ ತುಟಿ ಅಲುಗಿತು. ಬಗ್ಗಿ ಕಿವಿ ಕೊಟ್ಟಳು.

"ಉಂಡ್ರಾ?"

ತನ್ನನ್ನು ಕೇಳಿದ್ದಲ್ಲ ಎಂದು ತ್ರಿವೇಣಿಗೆ ಗೊತ್ತಾಯಿತು. ಅಜ್ಜಿಯ ಹೊದಿಕೆ ಸರಿಮಾಡಿ ಬಂದಳು.

ಮರುದಿನ, ಗುರುವಾರ ಬೆಳಿಗ್ಗೆ. ಟ್ರಸ್ಟು ಕೊಟ್ಟ ನಾಲ್ಕು ತಿಂಗಳ ಮಾಹಿತಿಯನ್ನು ತ್ರಿವೇಣಿ ಠಾಣೆಯ ಮೇಜಿನ ಮೇಲೆ ಹರಡಿದ್ದಳು. ದಿನಕ್ಕೊಂದು ಗೆರೆ. ಬೆಳಿಗ್ಗೆ ಹೆಜ್ಜೆ ಶುರು, ಊಟದ ಹೊತ್ತಿಗೆ ಬಿಡುವು, ಮತ್ತೆ ಹೆಜ್ಜೆ, ದೀಪ ಹಚ್ಚುವ ಹೊತ್ತಿಗೆ ನಿಲುಗಡೆ. ಇಷ್ಟೆಲ್ಲ ನಡೆದರೂ ಮನೆಯ ಪೆಟ್ಟಿಗೆಯ ಸಂಪರ್ಕ ಒಮ್ಮೆಯೂ ತಪ್ಪಿಲ್ಲ. ಬೀದಿಗೂ ಇಳಿಯದೆ ದಿನಕ್ಕೆ ಹದಿನಾಲ್ಕು ಸಾವಿರ ಹೆಜ್ಜೆ ಹಾಕಲು ಆ ಮನೆಯಲ್ಲಿ ಜಾಗವೆಲ್ಲಿದೆ?

"ಸೂರಪ್ಪನೋರೇ, ನಾಲ್ಕು ದಿನ ಮಾತ್ರ ಅಜ್ಜಿ ನಡೆದೇ ಇಲ್ಲ ನೋಡ್ರಿ. ಆಗಸ್ಟ್ ಇಪ್ಪತ್ಮೂರು, ಸೆಪ್ಟೆಂಬರ್ ಇಪ್ಪತ್ತೊಂದು, ಅಕ್ಟೋಬರ್ ಇಪ್ಪತ್ತೊಂದು, ಹೋದ ವಾರ ನವೆಂಬರ್ ಇಪ್ಪತ್ತು. ತಿಂಗಳಿಗೊಂದು ರಜಾ ತಗೊಂಡಂಗೈತೆ."

ಹೇಳುತ್ತಲೇ ಅವಳ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಹೋಯಿತು. ಎದ್ದು ಹಾಳೆ ತಿರುಗಿಸಿದಳು. ನಾಲ್ಕು ತಾರೀಖಿನಲ್ಲೂ ಕಪ್ಪು ಚುಕ್ಕೆ. ಅಮಾವಾಸ್ಯೆ.

ಅಮಾವಾಸ್ಯೆಯ ದಿನ ಈ ಊರಿನಲ್ಲಿ ಏನು ನಿಲ್ಲುತ್ತದೆಂದು ಹೇಳಲು ಪೊಲೀಸರೇ ಬೇಕಿಲ್ಲ. ಅಂದು ನೇಕಾರರು ಮಗ್ಗ ಮುಟ್ಟುವುದಿಲ್ಲ. ತೊಳೆದು, ಕುಂಕುಮವಿಟ್ಟು, ಕಾಯಿ ಒಡೆದು ಕೈಕಟ್ಟಿ ಕೂರುತ್ತಾರೆ. ನಾಲ್ಕು ತಿಂಗಳಿಂದ ಟ್ರಸ್ಟಿನ ಯಂತ್ರ ಎಣಿಸಿದ್ದು ಹೆಜ್ಜೆಯನ್ನಲ್ಲ, ಮಗ್ಗದ ಹಲಗೆ ಬಡಿಯುವ ಕೈಯನ್ನು. ಎಣ್ಣೆ ವ್ಯಾಪಾರದ ಊರಿನಲ್ಲಿ ಕೂತು ಪರದೆ ನೋಡುವವರಿಗೆ ಅದು ಹೊಳೆಯುವುದಾದರೂ ಹೇಗೆ?

ಅನುಮಾನ ಸಾಲದು, ಪರೀಕ್ಷೆ ಆಗಬೇಕು. ಟ್ರಸ್ಟಿನಿಂದ ತಂದಿದ್ದ ಇನ್ನೊಂದು ಬ್ಯಾಂಡನ್ನು ಸೂರಪ್ಪನ ಎಡಗೈಗೆ ಕಟ್ಟಿ, ಪಂಚರ ಎದುರು, ಬೀದಿ ಕೊನೆಯ ಒಂದು ಮಗ್ಗದ ಕುಣಿಯಲ್ಲಿ, ನೇಕಾರ ಕಾಲಿಳಿಬಿಟ್ಟು ಕೂರುವ ಗುಂಡಿಯಲ್ಲಿ, ಅವನನ್ನು ಇಳಿಸಿದಳು. ಮಗ್ಗದ ಯಜಮಾನ ಪಕ್ಕದಲ್ಲಿ ನಿಂತು ಕೈ ಹಿಡಿದು ತೋರಿಸಿದ. ಬಲಗೈ ಲಾಳಿಯ ಹಗ್ಗ ಎಳೆಯಬೇಕು, ಎಡಗೈ ಹಲಗೆ ಬಡಿಯಬೇಕು. ಸೂರಪ್ಪ ಎರಡು ಎಳೆ ಕಡಿದು ಬೈಸಿಕೊಂಡ. ಹತ್ತು ನಿಮಿಷಕ್ಕೆ ಬ್ಯಾಂಡು ಮುನ್ನೂರು ಹೆಜ್ಜೆ ತೋರಿಸಿತು.

"ಇಷ್ಟು ಸರ್ವೀಸಿನಾಗೆ ಕೂತಲ್ಲೇ ಇಷ್ಟು ದೂರ ನಡೆದಿದ್ದು ಇದೇ ಮೊದಲು ಮೇಡಂ" ಎಂದು ಸೂರಪ್ಪ ಬೆವರು ಒರೆಸಿಕೊಂಡ. ಪಂಚನಾಮೆ ಬರೆದು ಸಹಿ ಪಡೆಯಲಾಯಿತು.

ಗೋವರ್ಧನ ಮರುಳಪ್ಪನ ಮನೆಯಲ್ಲೇ ಇದ್ದ. ರಾತ್ರಿಯೂ ಅಲ್ಲೇ ಮಲಗಿದ್ದನಂತೆ. ತಟ್ಟೆಯಲ್ಲಿ ಬೆಳಗಿನ ಅನ್ನ ಹಾಗೇ ಇತ್ತು.

"ನಿಮ್ಮ ಮಗ್ಗದಲ್ಲಿ ಈಗ ಯಾವ ಬಣ್ಣದ ಸೀರೆ ಐತೆ?" ಎಂದು ಕೇಳಿದಳು ತ್ರಿವೇಣಿ.

"ಕಡುನೀಲಿ."

"ಅಜ್ಜಿಯ ಬ್ಯಾಂಡು ಯಾರ ಕೈಲಿತ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಗೋವರ್ಧನನ ಬಲಗೈ ತಾನಾಗಿ ಎಡಗೈಯ ಮಣಿಕಟ್ಟನ್ನು ಮುಚ್ಚಿತು. ಸೂರಪ್ಪ ಮುಂದೆ ಬಂದು ಮೆಲ್ಲಗೆ ತೆಲುಗಿನಲ್ಲಿ ಹೇಳಿದ: "ಚೆಯ್ಯಿ ಚೂಪಿಂಚು ನಾಯನಾ." ಗೋವರ್ಧನ ಕೈ ಚಾಚಿದ. ಕಪ್ಪು ಚರ್ಮದ ಮೇಲೆ ಬಿಸಿಲು ಕಾಣದ ಒಂದು ಬಿಳಿಚಿದ ಪಟ್ಟೆ ಇತ್ತು.

"ಯಾವಾಗಿನಿಂದ?"

"ಆಗಸ್ಟ್‌ನಿಂದ."

"ಯಾಕೆ?"

"ಅವ್ವ ಕೇಳಿದ್ಲು."

"ಏನಂತ?"

ಗೋವರ್ಧನ ಮರುಳಪ್ಪನ ಕಡೆ ನೋಡಿದ. ಅವರು ಕಂಬಳಿಯ ಅಂಚಿನ ಎಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರು.

"ಟ್ರಸ್ಟಿನೋರು ಅಂದಿದ್ರಂತೆ, ಇನ್ನೊಂದ್ಸಲ ಕೆಂಪಾದ್ರೆ ವಾರ್ಡು ಅಂತ. ಅವ್ವನಿಗೆ ಚಳ್ಳಕೆರ್ಯಾಗೆ, ಅಪ್ಪನಿಗೆ ದುರ್ಗದಾಗೆ. ಈ ಬಳೆ ನನ್ನ ಗಂಡನ್ನ ನನ್ನಿಂದ ಬಿಡಿಸ್ತೈತೆ ಕಣೋ ಗೋವರ್ಧನ, ನಿನ್ನ ಕೈಗೆ ಹಾಕ್ಕೊಂಡು ಬಿಡು ಅಂದ್ಲು. ಪೆಟ್ಟಿಗೆ ಗೋಡೆಗೇ ಐತಲ್ಲ, ನನ್ನ ಮನೆ ತನಕ ಅದಕ್ಕೆ ಸಿಗ್ನಲ್ ಸಿಗ್ತಿತ್ತು. ಮಂಗಳವಾರ ರಶ್ಮಿತಾ ಬರೋ ಹೊತ್ತಿಗೆ ಮಾತ್ರ ವಾಪಸ್ ಕೊಡ್ತಿದ್ದೆ."

"ಕಾಯಿಲೆ ಮುಚ್ಚಿಟ್ರೆ ಅಪಾಯ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ದಿನಾ ಹತ್ತು ಸಲ ಗೋಡೆ ತಟ್ಟಿ ಕೇಳ್ತಿದ್ದೆ. ಅವ್ವ ಆ ಕಡೆಯಿಂದ ತಟ್ಟೋಳು. ಮೊನ್ನೆ ಬೆಳಿಗ್ಗೆ ಸೀರೆ ಸೆರಗಿಗೆ ಬಂದಿತ್ತು. ಸೆರಗು ಅಂದ್ರೆ ಮೈಯೆಲ್ಲಾ ಕಣ್ಣಾಗಿರಬೇಕು ಮೇಡಂ, ತಟ್ಟೋದು ಮರೆತೆ, ಬ್ಯಾಂಡ್ ವಾಪಸ್ ಕೊಡೋದೂ ಮರೆತೆ. ಗೋಡೆ ಆ ಕಡೆ ಅವ್ವ ಬಿದ್ದಿದ್ಲು. ಈ ಕಡೆ ನಾನು ಅವಳ ಬ್ಯಾಂಡ್ ಕಟ್ಕೊಂಡು, ನಾನು ಚೆನ್ನಾಗಿದೀನಿ, ನಾನು ಚೆನ್ನಾಗಿದೀನಿ ಅಂತ ಊರಿಗೆಲ್ಲ ಹೇಳ್ತಾ ಕೂತಿದ್ದೆ."

ತ್ರಿವೇಣಿ ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿತ್ತು.

"ರಶ್ಮಿತಾ ಕೂಗಿದಾಗ ಒಳಗೆ ಹೋಗಿ ಏನು ಮಾಡಿದ್ರಿ?"

"ಬ್ಯಾಂಡ್ ಬಿಚ್ಚಿ ಅವ್ವನ ಕೈಗೆ ಕಟ್ಟಿದೆ. ಮೊದಲು ಅವ್ವನ ಮುಖ ನೋಡಬೇಕಿತ್ತು. ನಾನು ಕೈ ನೋಡಿದೆ." ಕಣ್ಣೊರೆಸಿಕೊಂಡು ಎದ್ದು ನಿಂತ. "ಆ ಹುಡುಗೀದೇನೂ ತಪ್ಪಿಲ್ಲ. ನನ್ನನ್ನ ಕರ್ಕೊಂಡು ಹೋಗ್ರಿ."

ಗೋವರ್ಧನನಿಗೆ ಒಂಬತ್ತು ವರ್ಷವಿದ್ದಾಗ ತಂದೆ ತಾಯಿ ಇಬ್ಬರೂ ಒಂದೇ ಬೇನೆಯಲ್ಲಿ ತೀರಿಹೋಗಿದ್ದರು. ಅವನನ್ನು ಮಗ್ಗದ ಕುಣಿಗೆ ಇಳಿಸಿ ಲಾಳಿ ಕೈಗೆ ಕೊಟ್ಟವರು ಮರುಳಪ್ಪ. ತಲೆಗೆ ಎಣ್ಣೆಯೊತ್ತಿ ತಟ್ಟೆಗೆ ಬಡಿಸಿದವಳು ತಿಪ್ಪೇರುದ್ರಮ್ಮ. ನೆನಪು ಹೋದ ಮೇಲೆ ಮರುಳಪ್ಪ ಮನೆಯಿಂದ ಮನೆಗೆ ಅಲೆಯತೊಡಗಿದ್ದರಂತೆ. ಗೋಡೆಯಾಚೆ ಗೋವರ್ಧನನ ಮಗ್ಗ ಸದ್ದು ಮಾಡುತ್ತಿದ್ದರೆ ಮಾತ್ರ ಒಂದೆಡೆ ಕೂರುತ್ತಿದ್ದರು. ಇದನ್ನೆಲ್ಲ ಹೇಳಿದ್ದು ಗೋವರ್ಧನನಲ್ಲ, ಪಂಚರಾಗಿ ಬಂದಿದ್ದ ನೆರೆಯವರು. ತ್ರಿವೇಣಿ ಕೇಳಿಸಿಕೊಂಡಳು. ಕೇಳಿಸಿಕೊಂಡರೂ ಬಂಧಿಸಲೇಬೇಕಿತ್ತು, ಇಲ್ಲದಿದ್ದರೆ ಎಫ್‌ಐಆರಿನಲ್ಲಿ ರಶ್ಮಿತಾಳ ಹೆಸರು ಹಾಗೇ ಉಳಿಯುತ್ತಿತ್ತು. ಕೆಲವು ದಿನ ಖಾಕಿ ಬಟ್ಟೆ ಮೈಗೆ ಭಾರವಾಗುತ್ತದೆ, ಅಂದು ಹಾಗಾಯಿತು.

ನವೆಂಬರ್ 27, ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ಗೋವರ್ಧನನ ದಸ್ತಗಿರಿಯಾಯಿತು. ಬೇರೆಯವರಂತೆ ನಟಿಸಿ ವಂಚನೆ, ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ. ಎರಡಕ್ಕೂ ಜಾಮೀನು ಸಿಗುತ್ತಿತ್ತು. ಸೂರಪ್ಪ ದಸ್ತಗಿರಿ ಮೆಮೋ ತುಂಬುತ್ತ ಕೇಳಿದ.

"ದಸ್ತಗಿರಿ ಆದದ್ದು ನಿಮ್ಮೋರಿಗೆ ತಿಳಿಸಬೇಕು. ಯಾರಿಗೆ ತಿಳಿಸೋಣ? ಹತ್ತಿರದ ಸಂಬಂಧ ಯಾರು?"

"ತಿಪ್ಪೇರುದ್ರಮ್ಮ" ಎಂದ ಗೋವರ್ಧನ.

ಸೂರಪ್ಪ ತಲೆಯೆತ್ತಿದ. "ಅವ್ರು ಈ ಕೇಸಿನಾಗೆ ಪೆಟ್ಟು ತಿಂದೋರು ಕಣಯ್ಯಾ. ಬೇರೆ ಯಾರಾದ್ರೂ ಹೇಳು."

"ಬೇರೆ ಯಾರಿಲ್ಲ ಸಾರ್."

ಸೂರಪ್ಪ ಮೇಡಂ ಕಡೆ ನೋಡಿದ. "ಬರೀರಿ" ಎಂದಳು ತ್ರಿವೇಣಿ.

ಜಾಮೀನಿಗೆ ಬೀದಿಯ ಇಬ್ಬರು ನೇಕಾರರು ಬರಲು ಒಪ್ಪಿದರು. ಕಾಗದಪತ್ರ ಮುಗಿಯಲು ಸಂಜೆಯಾಗುತ್ತಿತ್ತು. ಅಷ್ಟು ಹೊತ್ತು ಮರುಳಪ್ಪನನ್ನು ನೋಡುವವರು ಯಾರು? ತ್ರಿವೇಣಿ ಅವರ ಕೈ ಹಿಡಿದು ಜೀಪು ಹತ್ತಿಸಿದಳು. ಗೋವರ್ಧನನ ದಸ್ತಗಿರಿಯ ತಿಳುವಳಿಕೆ ಪತ್ರವನ್ನು ಅಜ್ಜಿಗೆ ತಲುಪಿಸಲು ಹೇಗೂ ಚಳ್ಳಕೆರೆಗೆ ಹೋಗಬೇಕಿತ್ತು. ದಾರಿಯುದ್ದಕ್ಕೂ ಮುದುಕರು ಕಂಬಳಿ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ವಿಶ್ವನಾಥ್, ಸಿದ್ದಲಿಂಗೇಶ್, ರಶ್ಮಿತಾ ಮೂವರೂ ಇದ್ದರು. ತಿಪ್ಪೇರುದ್ರಮ್ಮ ದಿಂಬಿಗೆ ಒರಗಿ ಕಣ್ಣು ತೆರೆದಿದ್ದರು. ಬಾಗಿಲಲ್ಲಿ ನಿಂತ ಮರುಳಪ್ಪ ಹೆಂಡತಿಯನ್ನು ಕಂಡರು. ಮುಖ ಅರಳಿತು. ಮೆಲ್ಲಗೆ ಹೋಗಿ ಮಂಚದ ಅಂಚಿಗೆ ಕೂತರು.

"ಎದ್ದೇನು? ಇವ್ರೆಲ್ಲ ಸದ್ದು ಮಾಡಿದ್ರಾ?"

"ಇಲ್ಲ. ನಿದ್ದೆ ಆಯ್ತು" ಎಂದರು ತಿಪ್ಪೇರುದ್ರಮ್ಮ. ಗಂಡನ ಕೆನ್ನೆ ಮುಟ್ಟಿ ನೋಡಿದರು. "ಉಂಡಿಲ್ಲ ನೀನು."

ನರ್ಸು ಅವರಿಗೆಂದು ತಂದಿಟ್ಟಿದ್ದ ಗಂಜಿಯನ್ನು ಗಂಡನಿಗೆ ಚಮಚ ಚಮಚವಾಗಿ ಕುಡಿಸಿದರು. ಮರುಳಪ್ಪ ಬಾಯಿ ತೆರೆದು ತೆರೆದು ಕುಡಿದರು. ಬಟ್ಟಲು ಖಾಲಿಯಾಯಿತು. ಆಮೇಲೆ ತ್ರಿವೇಣಿ ಪತ್ರ ಓದಿದಳು.

"ಗೋವರ್ಧನನ್ನ ಹಿಡಿದ್ರಾ?" ಅಜ್ಜಿಯ ಕಣ್ಣು ತುಂಬಿತು. "ಅವನಿಗೆ ಹಾಕ್ಕೋ ಅಂದೋಳು ನಾನೇ ಕಣವ್ವ. ನನ್ನನ್ನೂ ಕರ್ಕೊಂಡು ಹೋಗು. ಜೈಲಾಗಾದ್ರೂ ಗಂಡ ಹೆಂಡ್ತೀನ ಒಂದೇ ಕಡೆ ಇಡ್ತಾರಾ?"

"ಇಲ್ಲಮ್ಮ. ಅಲ್ಲೂ ಗಂಡಸರದ್ದು ಬೇರೆ, ಹೆಂಗಸರದ್ದು ಬೇರೆ."

"ಎಲ್ಲಾ ಕಡೀಗೂ ಹಿಂಗೇನಾ?"

ವಿಶ್ವನಾಥ್ ಗೋಡೆ ಕಡೆ ತಿರುಗಿ ಕರವಸ್ತ್ರ ತೆಗೆದರು. "ಕಂಪ್ಲೇಂಟ್ ವಾಪಸ್ ತಗೋತೀನಿ ಮೇಡಂ" ಎಂದರು. ಅದು ಈಗ ತನ್ನ ಕೈಯಲ್ಲಿಲ್ಲ, ಕೋರ್ಟಿನಲ್ಲಿ ರಾಜಿಗೆ ಕೇಳಬಹುದೆಂದು ತ್ರಿವೇಣಿ ತಿಳಿಸಿದಳು. ಅತ್ತೆ ಮಾವ ತಮ್ಮ ಮನೆಗೇ ಬರಲಿ ಎಂದು ಅವರು ಅಂದಾಗ, ತಿಪ್ಪೇರುದ್ರಮ್ಮ ತಲೆಯಾಡಿಸಿದರು. "ನಿಮ್ಮನೇಲಿ ಮಗ್ಗದ ಸದ್ದಿಲ್ಲ ಕಣಪ್ಪ. ಇವ್ರು ನಿಲ್ಲಲ್ಲ."

ಸಿದ್ದಲಿಂಗೇಶ್ ತಂದಿದ್ದ ಹೊಸ ಬ್ಯಾಂಡನ್ನು ರಶ್ಮಿತಾ ತನ್ನ ಫೋನಿಗೇ ಜೋಡಿಸಿ, ಅಜ್ಜಿಯ ಕೈಗೆ, ಕೊನೆಯ ತೂತಿಗೆ, ಜಾರದಂತೆ ಕಟ್ಟಿದಳು. ಅರೆನಿಮಿಷದಲ್ಲಿ ಅವಳ ಫೋನು ಕೂಗಿತು. ಪರದೆ ಕೆಂಪಾಗಿತ್ತು. ಅಜ್ಜಿ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡರು.

"ಹೆದರಬೇಡ ಅಜ್ಜಿ. ಕೆಂಪಾದ್ರೆ ನಾನು ಬರ್ತೀನಿ."

"ಬಂದು?"

"ಬಂದು ನೋಡ್ಕೋತೀನಿ."

"ಕರ್ಕೊಂಡು ಹೋಗಲ್ವಾ?"

ರಶ್ಮಿತಾ ಸಿದ್ದಲಿಂಗೇಶರ ಮುಖ ನೋಡಿದಳು. ತ್ರಿವೇಣಿಯೂ ನೋಡಿದಳು. ಸಿದ್ದಲಿಂಗೇಶ್, ಇದು ತಾವೊಬ್ಬರೇ ತೀರ್ಮಾನಿಸುವ ವಿಷಯವಲ್ಲ, ಸಮಿತಿ ಮುಂದೆ ಇಡಬೇಕು ಅಂದರು. ವಿಶ್ವನಾಥ್, "ಇಡ್ರಿ, ನಾನೂ ಬರ್ತೀನಿ" ಅಂದರು. ಸಮಿತಿ ಕೂಡುವವರೆಗೆ ಮರುಳಪ್ಪನವರನ್ನು ಎಲ್ಲಿಗೂ ಕಳಿಸುವುದಿಲ್ಲವೆಂದೂ ರಶ್ಮಿತಾ ನಾಳೆಯಿಂದಲೇ ಕೆಲಸಕ್ಕೆ ಬರಲೆಂದೂ ಸಿದ್ದಲಿಂಗೇಶ್ ಅಲ್ಲೇ ಒಪ್ಪಿದರು.

ಅಜ್ಜಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ನಂತರ ಕೈಯನ್ನು ತಾವಾಗಿ ರಶ್ಮಿತಾಳ ಮುಂದೆ ಚಾಚಿ, ಕೊಂಡಿ ಇನ್ನೊಂದು ಸಲ ಗಟ್ಟಿ ಮಾಡಿಸಿಕೊಂಡರು.

ಸಂಜೆ ಠಾಣೆಯಲ್ಲಿ ಗೋವರ್ಧನ ಜಾಮೀನಿನ ಮೇಲೆ ಹೊರಟ. ಮೆಟ್ಟಿಲಲ್ಲಿ ನಿಂತು, "ಅಪ್ಪ ಉಂಡ್ರಾ ಮೇಡಂ?" ಎಂದು ಕೇಳಿದ. ಉಂಡರು ಅಂದ ಮೇಲೆಯೇ ಅವನು ಚಪ್ಪಲಿ ಮೆಟ್ಟಿದ್ದು.

ಹದಿನೈದು ದಿನದ ನಂತರ ತ್ರಿವೇಣಿ ಅಂತಿಮ ವರದಿ ಬರೆಯಲು ಕೂತಳು. ಆರೋಪಿ ನಾಲ್ಕು ತಿಂಗಳು ವಂಚಿಸಿದ್ದು ನಿಜ. ಅದರಿಂದ ಒಂದು ಜೀವ ಹೋಗುವುದರಲ್ಲಿದ್ದದ್ದೂ ನಿಜ. ಎರಡನ್ನೂ ಒಂದಕ್ಷರ ಬಿಡದೆ ಬರೆದಳು. ಕೃತ್ಯದ ಉದ್ದೇಶ ಎಂಬಲ್ಲಿ ಸಾಮಾನ್ಯವಾಗಿ ಹಣ, ಹಳೇ ದ್ವೇಷ, ಜಮೀನು ಎಂದು ಬರೆದು ರೂಢಿಯಾಗಿದ್ದ ಕೈ ಸ್ವಲ್ಪ ತಡೆಯಿತು. ಆಮೇಲೆ ಬರೆದಳು: ಗಂಡ ಹೆಂಡತಿ ಒಂದೇ ಮನೆಯಲ್ಲಿರಲಿ ಎಂದು.